ವರ್ಷದ ನಂತರದ ಎಕ್ಸ್-ರೇ: ಪ್ರಾಣಿಗಳ ಮೂಳೆ ಚಿಕಿತ್ಸೆಯಲ್ಲಿ ನಮ್ಮ ಕೂಟದ ಅನುಭವ

ಪಶುವೈದ್ಯನಾಗಿ ವೃತ್ತಿಗೆ ಇಳಿದಾಗ, ಮುರಿದ ಮೂಳೆಯ ಮಟ್ಟಿಗೆ ನನ್ನ ಕೈಯಲ್ಲಿದ್ದ ಉಪಾಯಗಳು ಎರಡೇ. ಒಂದು ಪ್ಲಾಸ್ಟರ್ ಕಟ್ಟು, ಇನ್ನೊಂದು ಮೂಳೆಯ ಪೊಳ್ಳಿನೊಳಗೆ ತೂರಿಸುವ ಸ್ಟೈನ್‌ಮನ್ ಪಿನ್ನು. ಬೈಕಿಗೆ ಸಿಕ್ಕಿ ತೊಡೆ ಮುರಿದುಕೊಂಡ ಬೀದಿನಾಯಿಗೂ, ಸೋಫಾದಿಂದ ಹಾರಿ ಮುಂಗಾಲು ಮುರಿದುಕೊಂಡ ಪೊಮೆರೇನಿಯನ್ನಿಗೂ, ಹಸು ಈಯುವಾಗ ಹಗ್ಗ ಕಟ್ಟಿ ಎಳೆದದ್ದರಿಂದ ಕಾಲು ಮುರಿದ ಎಳೆಗರುವಿಗೂ ಈ ಎರಡರಲ್ಲೊಂದು ಸಲ್ಲುತ್ತಿತ್ತು. ಕೆಲವು ಮೂಳೆಗಳು ಚೆನ್ನಾಗಿ ಕೂಡುತ್ತಿದ್ದವು, ಕೆಲವು ಸೊಟ್ಟಗೆ ಕೂಡುತ್ತಿದ್ದವು, ಇನ್ನು ಕೆಲವು ಕೂಡುತ್ತಲೇ ಇರಲಿಲ್ಲ. ಯಾವುದು ಏಕೆ ಹಾಗಾಯಿತು ಎಂಬುದನ್ನು ಮಾತ್ರ ಯಾರೂ ಖಚಿತವಾಗಿ ಹೇಳುವಂತಿರಲಿಲ್ಲ, ಏಕೆಂದರೆ ಕಟ್ಟು ಬಿಚ್ಚಿಸಿಕೊಂಡು ಹೋದ ಪ್ರಾಣಿ ಮತ್ತೆ ನಮ್ಮ ಕಣ್ಣಿಗೆ ಬೀಳುವುದು ಬಹಳ ಅಪರೂಪ.

ಈ ಕೊರತೆಯನ್ನು ನೀಗಿಸಿಕೊಳ್ಳಲು ನಾವು ಕೆಲವು ಪಶುವೈದ್ಯರು ಸೇರಿ ಒಂದು ಅಧ್ಯಯನ ಕೂಟ ಕಟ್ಟಿಕೊಂಡೆವು. ಅದಕ್ಕೆ ಹೆಸರಿಲ್ಲ, ನೋಂದಣಿಯೂ ಆಗಿಲ್ಲ, ಅಧ್ಯಕ್ಷರು ಕಾರ್ಯದರ್ಶಿಗಳೆಂಬ ಹುದ್ದೆಗಳೂ ಇಲ್ಲ. ಆದರೆ ಅದಕ್ಕೊಂದು ಮಾದರಿ ಇತ್ತು. 1969ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಡೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ‘ಎಒ ವೆಟ್’ ಎಂಬ ಪಶುವೈದ್ಯರ ಸಂಘವೇ ಆ ಮಾದರಿ. ಆ ಸಂಘದ ಚರಿತ್ರೆಯನ್ನು ನಾನು ಓದಿದ್ದು ಕುತೂಹಲಕ್ಕಾಗಿ ಅಲ್ಲ. ನಮ್ಮ ಕೆಲಸಕ್ಕೆ ಅದರಿಂದ ಏನು ಸಿಗುತ್ತದೆ ಎಂದು ಹುಡುಕಿಕೊಂಡು ಓದಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಾಣಿಗಳ ಮೂಳೆ ಚಿಕಿತ್ಸೆಯು ಮನುಷ್ಯರ ವೈದ್ಯದಿಂದ ಎರವಲು ಬಂದದ್ದು ಎಂಬ ಗ್ರಹಿಕೆ ನಮ್ಮಲ್ಲಿ ಅನೇಕರಿಗಿದೆ. ಅದು ಪೂರ್ಣ ಸತ್ಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆರ್ಡ್‌ಮೋರ್‌ನಲ್ಲಿ ವೃತ್ತಿ ನಡೆಸುತ್ತಿದ್ದ ಆಟೊ ಸ್ಟೇಡರ್ ಎಂಬ ಪಶುವೈದ್ಯರು 1930ರ ದಶಕದಲ್ಲಿಯೇ, ಚರ್ಮದ ಹೊರಗಿನಿಂದ ಮೂಳೆಗೆ ಪಿನ್ನುಗಳನ್ನು ಚುಚ್ಚಿ ಅವನ್ನು ಹೊರಗಡೆ ಒಂದು ಸರಳಿಗೆ ಬಿಗಿಯುವ ಸಾಧನವನ್ನು ನಾಯಿಗಳಿಗಾಗಿ ರೂಪಿಸಿದ್ದರು. ಕಟ್ಟು ಹಾಕಿದರೆ ಕಚ್ಚಿ ಹರಿದುಹಾಕುವ ರೋಗಿಗೆ, ಮಲಗಿರು ಎಂದರೆ ಮಲಗದ ರೋಗಿಗೆ ಹೊಂದುವಂತೆ ಮಾಡಿದ ಉಪಾಯ ಅದು. ಅದನ್ನು ನೋಡಿದ ಮನುಷ್ಯರ ಶಸ್ತ್ರವೈದ್ಯರು ತಮ್ಮ ರೋಗಿಗಳಿಗೂ ಬಳಸಿದರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಯ ಗಾಯಾಳುಗಳ ಚಿಕಿತ್ಸೆಯಲ್ಲಿ ಸ್ಟೇಡರ್ ಸ್ಪ್ಲಿಂಟ್ ಬಳಕೆಗೆ ಬಂತು. ಸಿಯಾಟಲ್‌ನ ಪಶುವೈದ್ಯ ಎಹ್ಮರ್ ಅವರು ಇದೇ ತತ್ತ್ವವನ್ನು ಮುಂದುವರಿಸಿದರು. ಸೊಂಟದ ಕೀಲು ತಪ್ಪಿದ ನಾಯಿಯ ಹಿಂಗಾಲನ್ನು ಮಡಿಸಿ ಕಟ್ಟುವಾಗ ಇಂದಿಗೂ ನಾವು ಹೇಳುವ ‘ಎಹ್ಮರ್ ಸ್ಲಿಂಗ್’ ಎಂಬ ಹೆಸರು ಅವರದೇ.

ಆದರೂ ಅವರೆಲ್ಲ ಬಿಡಿಬಿಡಿಯಾಗಿ ದುಡಿದವರು. ಒಬ್ಬ ಕುಶಲಿಯ ಕೈಯಲ್ಲಿ ಫಲ ಕೊಟ್ಟ ವಿಧಾನ ಇನ್ನೊಬ್ಬರ ಕೈಯಲ್ಲಿ ಏಕೆ ಸೋತಿತು ಎಂದು ಕೇಳುವ ವ್ಯವಸ್ಥೆ ಆಗ ಇರಲಿಲ್ಲ. ಆ ವ್ಯವಸ್ಥೆಯನ್ನು ಕಟ್ಟಿದವರು ಮನುಷ್ಯರ ಮೂಳೆ ವೈದ್ಯರು ಎಂಬುದನ್ನು ಒಪ್ಪಿಕೊಳ್ಳಬೇಕು. 1958ರ ನವೆಂಬರ್ 6ರಂದು ಸ್ವಿಟ್ಜರ್ಲೆಂಡಿನ ಬೀಲ್ ನಗರದಲ್ಲಿ ಮಾರಿಸ್ ಮುಲ್ಲರ್, ಮಾರ್ಟಿನ್ ಆಲ್ಗೋವರ್, ಹಾನ್ಸ್ ವಿಲೆನೆಗ್ಗರ್, ರಾಬರ್ಟ್ ಶ್ನೈಡರ್, ವಾಲ್ಟರ್ ಬಾಂಡಿ ಮೊದಲಾದ 13 ಮಂದಿ ಶಸ್ತ್ರವೈದ್ಯರು ಸೇರಿ ‘ಎಒ’ ಎಂಬ ಅಧ್ಯಯನ ಗುಂಪನ್ನು ಸ್ಥಾಪಿಸಿದರು. ಇದಕ್ಕೆ ಹಲವು ವರ್ಷಗಳ ಮೊದಲೇ, 1950ರಲ್ಲಿ, ಮುಲ್ಲರ್ ಅವರು ಬ್ರಸೆಲ್ಸ್‌ಗೆ ಹೋಗಿ ರಾಬರ್ಟ್ ಡಾನಿಸ್ ಎಂಬ ಹಿರಿಯ ಶಸ್ತ್ರವೈದ್ಯರ ಕೆಲಸವನ್ನು ಕಣ್ಣಾರೆ ಕಂಡು ಬಂದಿದ್ದರು. ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಅಲುಗಾಡದಂತೆ ಬಿಗಿದರೆ, ಸುತ್ತ ಗಂಟು ಕಟ್ಟಿಕೊಳ್ಳದೆಯೇ ಮೂಳೆ ನೇರವಾಗಿ ಬೆಸೆದುಕೊಳ್ಳುತ್ತದೆ ಎಂದು ಡಾನಿಸ್ ತೋರಿಸಿದ್ದರು. ಎಒ ಗುಂಪು ಅದರ ಮೇಲೆ ನಾಲ್ಕು ನಿಯಮಗಳನ್ನು ಕಟ್ಟಿತು: ತುಂಡುಗಳನ್ನು ಅವುಗಳ ಸಹಜ ಸ್ಥಾನಕ್ಕೆ ತರುವುದು, ಅಲುಗದಂತೆ ಬಿಗಿಯುವುದು, ಮೂಳೆಗೆ ಹೋಗುವ ರಕ್ತವನ್ನು ಕಾಪಾಡುವುದು, ಕೀಲುಗಳನ್ನು ಬೇಗನೆ ಆಡಿಸುವುದು.

ನಾಲ್ಕನೆಯ ನಿಯಮದ ಬೆಲೆ ನಾಯಿಗಳಿಗೆ ಚಿಕಿತ್ಸೆ ಮಾಡುವವರಿಗೆ ಚೆನ್ನಾಗಿ ಗೊತ್ತು. ಐದಾರು ತಿಂಗಳ ಮರಿಯ ತೊಡೆಮೂಳೆ ಮುರಿದಾಗ ಕಾಲನ್ನು ನೀಟಾಗಿ ಚಾಚಿ ವಾರಗಟ್ಟಲೆ ಕಟ್ಟಿಟ್ಟರೆ, ತೊಡೆಯ ಮುಂಭಾಗದ ಸ್ನಾಯು ಮೂಳೆಗೆ ಅಂಟಿಕೊಂಡು ಒಣಗುತ್ತದೆ. ಮೂಳೆ ಕೂಡಿರುತ್ತದೆ, ಎಕ್ಸ್-ರೇ ಚೆನ್ನಾಗಿಯೇ ಕಾಣುತ್ತದೆ, ಆದರೆ ಮೊಣಕಾಲು ಮತ್ತೆ ಮಡಿಯುವುದಿಲ್ಲ. ಆ ಕಾಲು ಕೋಲಿನಂತೆ ಹಿಂದಕ್ಕೆ ಚಾಚಿಕೊಂಡೇ ಉಳಿಯುತ್ತದೆ. ಇದನ್ನು ಒಮ್ಮೆ ಕಂಡವರು ಮರಿಯ ತೊಡೆಗೆ ಕಟ್ಟು ಹಾಕಲು ಮತ್ತೆ ಕೈ ಎತ್ತುವುದಿಲ್ಲ.

ಈ ನಿಯಮಗಳು ಪಠ್ಯಪುಸ್ತಕಗಳಲ್ಲಿ ಇಂದು ಎಲ್ಲೆಡೆ ಸಿಗುತ್ತವೆ. ಆದರೆ ಆ ಗುಂಪಿನ ನಿಜವಾದ ಕೊಡುಗೆ ಬೇರೆ ಕಡೆ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದು ದಾಖಲೆಯ ಶಿಸ್ತು. ಮುರಿತಕ್ಕೆ ಶಸ್ತ್ರಕ್ರಿಯೆ ಮಾಡುವುದನ್ನೇ ಸೋಂಕಿನ ಭಯದಿಂದ ಯುರೋಪಿನ ಬಹುಪಾಲು ವೈದ್ಯರು ವಿರೋಧಿಸುತ್ತಿದ್ದ ಕಾಲ ಅದು. ಬಾಯಿಮಾತಿನ ಸಮರ್ಥನೆಗೆ ಅಲ್ಲಿ ಬೆಲೆ ಇರಲಿಲ್ಲ. ಆದ್ದರಿಂದ ಗುಂಪಿನ ಸದಸ್ಯರು ತಾವು ಮಾಡಿದ ಪ್ರತಿಯೊಂದು ಶಸ್ತ್ರಕ್ರಿಯೆಯ ವಿವರವನ್ನೂ ಎಕ್ಸ್-ರೇಗಳ ಸಮೇತ ಒಂದೆಡೆಗೆ ಕಳುಹಿಸಬೇಕೆಂದು ಕಟ್ಟುಮಾಡಿಕೊಂಡರು. ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ಒಂದು ಹಾಳೆ, ನಾಲ್ಕು ತಿಂಗಳಿಗೆ ಇನ್ನೊಂದು, ಒಂದು ವರ್ಷಕ್ಕೆ ಮತ್ತೊಂದು. ಗೆದ್ದದ್ದನ್ನು ಕಳುಹಿಸಿ ಸೋತದ್ದನ್ನು ಮೇಜಿನ ಸೆಳೆಖಾನೆಯಲ್ಲಿ ಇಟ್ಟುಕೊಳ್ಳಲು ಅಲ್ಲಿ ಅವಕಾಶವಿರಲಿಲ್ಲ, ಏಕೆಂದರೆ ಮೊದಲ ಹಾಳೆ ಕಳುಹಿಸಿದ ಮೇಲೆ ಮೂರನೆಯದು ಎಲ್ಲಿ ಎಂಬ ಪ್ರಶ್ನೆ ಬಂದೇ ಬರುತ್ತಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ನಿರ್ಧಾರವೂ ಇತ್ತು: ಮುರಿದ ಮೂಳೆಯನ್ನು ಹಿಡಿದಿಡುವ ಲೋಹದ ಪಟ್ಟಿಗಳು (ಪ್ಲೇಟುಗಳು), ಸ್ಕ್ರೂಗಳು ಮೊದಲಾದ ಉಪಕರಣಗಳ ಹಕ್ಕನ್ನು 1960ರಲ್ಲಿ ಸ್ಥಾಪಿಸಿದ ‘ಸಿಂಥೆಸ್’ ಎಂಬ ಸಂಸ್ಥೆಗೆ ಒಪ್ಪಿಸಿ, ಅದರಿಂದ ಬಂದ ಗೌರವಧನವನ್ನು ಸಂಶೋಧನೆಗೆ ಮತ್ತು ಬೋಧನೆಗೆ ಬಿಟ್ಟುಕೊಟ್ಟರು. ಹಣದ ಆಸೆ ಹತ್ತಿರ ಸುಳಿಯದಿದ್ದುದರಿಂದಲೇ ಅವರ ದಾಖಲೆಗಳನ್ನು ವಿರೋಧಿಗಳೂ ನಂಬಿದರು ಎಂದು ನಾನು ತಿಳಿದಿದ್ದೇನೆ.

ಈ ಚರಿತ್ರೆಯಲ್ಲಿ ಪ್ರಾಣಿಗಳ ಪಾತ್ರ ಆರಂಭದಿಂದಲೂ ಇದೆ. 1959ರಲ್ಲಿ ದಾವೋಸ್‌ನಲ್ಲಿ ತೆರೆದ ಪ್ರಯೋಗಾಲಯದಲ್ಲಿ ಸ್ಟೀಫನ್ ಪೆರೆನ್ ಅವರು ಕುರಿಗಳ ಮೂಳೆಗೆ ಕೂರಿಸಿದ ಪ್ಲೇಟುಗಳ ಒತ್ತಡವನ್ನು ಜೀವಂತ ಪ್ರಾಣಿಯಲ್ಲಿಯೇ ಅಳೆದರು. ಸ್ಕ್ರೂ ಬಿಗಿದಂತೆಲ್ಲ ಮುರಿದ ತುದಿಗಳು ತಾವಾಗಿ ಒತ್ತಿಕೊಳ್ಳುವಂತೆ ಇಳಿಜಾರಾದ ಉದ್ದನೆಯ ತೂತುಗಳಿರುವ ‘ಡಿಸಿಪಿ’ ಪ್ಲೇಟಿನ ವಿವರವನ್ನು ಅವರ ತಂಡ 1969ರಲ್ಲಿ ಪ್ರಕಟಿಸಿತು. ಪ್ರಯೋಗಕ್ಕೆ ಕುರಿಯಾದರೆ, ಚಿಕಿತ್ಸೆಗೆ ಏಕೆ ಆಗಬಾರದು? 1960ರ ದಶಕದಲ್ಲಿ ಈ ಉಪಕರಣಗಳನ್ನು ನಾಯಿ ಕುದುರೆಗಳಿಗೆ ಬಳಸತೊಡಗಿದ್ದ ಪಶುವೈದ್ಯರು 1969ರಲ್ಲಿ ವಾಲ್ಡೆನ್‌ಬುರ್ಗ್‌ನಲ್ಲಿ ಸೇರಿ ಎಒ ವೆಟ್ ಸ್ಥಾಪಿಸಿದರು. ಕುದುರೆಗಳ ಶಸ್ತ್ರವೈದ್ಯ ಬ್ಯೋರ್ನ್ ಫಾನ್ ಸಾಲಿಸ್, ನಾಯಿ ಬೆಕ್ಕುಗಳ ವೈದ್ಯ ಫೆರೆಂಕ್ ಕಾಸಾ ಮೊದಲಾದವರು ಅದರ ಆದ್ಯರು. ಆ ಊರನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಅಲ್ಲಿನ ಸ್ಟ್ರೌಮನ್ ಸಂಸ್ಥೆಯು ಗಡಿಯಾರದ ಬಿಡಿಭಾಗಗಳಿಗೆ ಬೇಕಾದ ಮಿಶ್ರಲೋಹಗಳಲ್ಲಿ ಪಳಗಿದ ಸಂಸ್ಥೆ. ದೇಹದೊಳಗೆ ತುಕ್ಕು ಹಿಡಿಯದ, ಬೇಗ ದಣಿದು ಮುರಿಯದ ಉಕ್ಕು ಯಾವುದೆಂಬ ಪ್ರಶ್ನೆಗೆ ಎಒ ಗುಂಪು ಉತ್ತರ ಹುಡುಕಿದ್ದು ಅಲ್ಲಿಯೇ.

ಮರುವರ್ಷವೇ, 1970ರಲ್ಲಿ, ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಹೋನ್ ಅವರ ನೇತೃತ್ವದಲ್ಲಿ ಪಶುವೈದ್ಯರಿಗೆ ತರಬೇತಿ ಶಿಬಿರ ನಡೆಯಿತು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕುದುರೆಗಳ ಮೂಳೆ ಚಿಕಿತ್ಸೆಗೆ ಅಡಿಪಾಯ ಹಾಕಿದ ಜಾಕ್ ಜೆನ್ನಿ ಅವರನ್ನೂ ಇಲ್ಲಿ ನೆನೆಯಬೇಕು. ಅರಿವಳಿಕೆಯಿಂದ ಎಚ್ಚರಗೊಳ್ಳುವ ಕುದುರೆ ಗಾಬರಿಯಿಂದ ಒದ್ದಾಡಿ, ಆಗಷ್ಟೇ ಕೂಡಿಸಿದ ಮೂಳೆಯನ್ನು ಮತ್ತೆ ಮುರಿದುಕೊಳ್ಳುವುದನ್ನು ತಪ್ಪಿಸಲು, ಅದನ್ನು ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸುವ ಯೋಚನೆ ಅವರದು. ಐನೂರು ಕಿಲೋ ತೂಕದ ಪ್ರಾಣಿಯ ಮೂಳೆ ಕೂಡಿಸುವುದೆಂದರೆ ಎಷ್ಟು ಬೇರೆಯ ಸಮಸ್ಯೆ ಎಂಬುದು ಇದೊಂದರಿಂದಲೇ ತಿಳಿಯುತ್ತದೆ.

ಈಗ ನಮ್ಮ ಕೂಟಕ್ಕೆ ಬರುತ್ತೇನೆ. ಎಒ ಗುಂಪು 1960ರ ಡಿಸೆಂಬರ್‌ನಲ್ಲಿ ದಾವೋಸ್‌ನಲ್ಲಿ ನಡೆಸಿದ ಮೊದಲ ಶಿಬಿರದಲ್ಲಿ ಉಪನ್ಯಾಸಕ್ಕಿಂತ ಮೂಳೆಯ ಮೇಲೆ ಕೈಯಾಡಿಸುವುದಕ್ಕೇ ಹೆಚ್ಚಿನ ಮಹತ್ವವಿತ್ತು. ನಾವೂ ಅಲ್ಲಿಂದಲೇ ಶುರುಮಾಡಿದೆವು. ಮಟನ್ ಅಂಗಡಿಯಿಂದ ಕುರಿ ಮತ್ತು ಆಡಿನ ತೊಡೆಮೂಳೆಗಳನ್ನು ತಂದು, ಮಾಂಸ ಬಿಡಿಸಿ, ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಮತ್ತೆ ಪ್ಲೇಟು ಹಾಕಿ ಕೂಡಿಸುತ್ತಿದ್ದೆವು. ಪ್ಲೇಟು ಸ್ಕ್ರೂಗಳು ಮನುಷ್ಯರ ಮೂಳೆ ಆಸ್ಪತ್ರೆಗಳಿಗೆ ಸರಬರಾಜು ಮಾಡುವ ಅಂಗಡಿಗಳಿಂದ ಬಂದವು. ಮಕ್ಕಳ ಮತ್ತು ಕೈಬೆರಳಿನ ಅಳತೆಯವು ನಾಯಿಗಳಿಗೆ ಹೊಂದುತ್ತವೆ. ಮೂಳೆ ಕೊರೆಯುವ ವೈದ್ಯಕೀಯ ಡ್ರಿಲ್ಲಿನ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಬ್ಯಾಟರಿಯಿಂದ ನಡೆಯುವ ಬಡಗಿ ಡ್ರಿಲ್ಲಿಗೆ ಆಟೋಕ್ಲೇವ್ ಮಾಡಿದ ದಪ್ಪ ಬಟ್ಟೆಯ ಗವಸು ಹೊಲಿಸಿ, ಬಿಟ್ ಹಿಡಿಯುವ ಭಾಗವನ್ನು ಮಾತ್ರ ಬೇರೆಯಾಗಿ ಶುದ್ಧೀಕರಿಸಿ ಜೋಡಿಸುವ ಪದ್ಧತಿಯನ್ನು ರೂಢಿಸಿಕೊಂಡೆವು.

ಒಂದೇ ಒಂದು ಸ್ಕ್ರೂ ಕೂರಿಸುವುದರಲ್ಲಿ ಎಷ್ಟು ಕೆಲಸವಿದೆ ಎಂಬುದನ್ನು ಹೊರಗಿನವರು ಊಹಿಸಲಾರರು. 3.5 ಮಿಲಿಮೀಟರ್ ಸ್ಕ್ರೂಗೆ 2.5 ಮಿಲಿಮೀಟರ್ ತೂತು ಕೊರೆಯಬೇಕು, 2.7ರದಕ್ಕೆ 2, 2ರದಕ್ಕೆ 1.5. ಮೂಳೆಯ ಮೇಲಿನ ಗೋಡೆಯನ್ನು ದಾಟಿದ ಕೂಡಲೇ ಡ್ರಿಲ್ಲಿನ ಸದ್ದು ಬದಲಾಗುತ್ತದೆ, ಕೆಳಗಿನ ಗೋಡೆ ತಾಗಿದಾಗ ಮತ್ತೆ ಬದಲಾಗುತ್ತದೆ; ಅದನ್ನು ದಾಟುವ ಕ್ಷಣದಲ್ಲಿ ಕೈ ತಡೆಯದಿದ್ದರೆ ಡ್ರಿಲ್ಲಿನ ಬಿಟ್ ಆಚೆಯ ರಕ್ತನಾಳಕ್ಕೋ ನರಕ್ಕೋ ನುಗ್ಗುತ್ತದೆ. ಆಮೇಲೆ ಕೊಕ್ಕೆಯಿರುವ ಅಳತೆಕಡ್ಡಿ ಇಳಿಸಿ ಆಳ ನೋಡಬೇಕು, ‘ಟ್ಯಾಪ್’ ಎಂಬ ಸಾಧನದಿಂದ ತೂತಿನೊಳಗೆ ಸ್ಕ್ರೂ ಹಿಡಿಯುವ ಸುರುಳಿ ಗೆರೆ ಕೊಯ್ಯಬೇಕು, ಅನಂತರ ಸ್ಕ್ರೂ. ಕೊರೆಯುವಷ್ಟು ಹೊತ್ತೂ ಸಹಾಯಕರು ಸಲೈನ್ ಹನಿಸುತ್ತಿರಬೇಕು. ಮೂಳೆಯ ಉಷ್ಣ 47 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಒಂದು ನಿಮಿಷ ನಿಂತರೆ ಅಲ್ಲಿನ ಜೀವಕೋಶಗಳು ಸಾಯುತ್ತವೆ. ಅಂದು ಬಿಗಿಯಾಗಿಯೇ ಕೂತ ಸ್ಕ್ರೂ ಕೆಲವು ವಾರಗಳ ನಂತರ ಸಡಿಲವಾಗಿ ಹೊರಬರುತ್ತದೆ. ಮೊಂಡಾದ ಬಿಟ್ಟನ್ನು ಎಸೆಯುವುದು ದುಂದುಗಾರಿಕೆಯಲ್ಲ ಎಂದು ನಮ್ಮ ಕಿರಿಯರಿಗೆ ನಾನು ಪದೇಪದೇ ಹೇಳುವುದು ಇದಕ್ಕಾಗಿ.

ಕೈ ಪಳಗುವುದು ಅರ್ಧ ಕೆಲಸ. ಉಳಿದರ್ಧಕ್ಕಾಗಿ ನಾವು ಎಒ ಗುಂಪಿನ ಮೂರು ಹಾಳೆಗಳ ಪದ್ಧತಿಯನ್ನೇ ತೆಗೆದುಕೊಂಡೆವು. ಪ್ರಾಣಿಯ ಜಾತಿ, ತಳಿ, ವಯಸ್ಸು, ತೂಕ, ಯಾವ ಮೂಳೆಯ ಯಾವ ಭಾಗ, ಗಾಯ ತೆರೆದದ್ದೋ ಮುಚ್ಚಿದ್ದೋ, ಮುರಿದು ಎಷ್ಟು ಹೊತ್ತಾಯಿತು, ನಮಗಿಂತ ಮೊದಲು ಯಾರು ಏನು ಮಾಡಿದ್ದರು, ನಾವು ಏನು ಹಾಕಿದೆವು. ಇಷ್ಟು ಮೊದಲ ಹಾಳೆಯಲ್ಲಿ. ಎರಡನೆಯ ಮತ್ತು ಮೂರನೆಯ ಹಾಳೆಯಲ್ಲಿ ಎಕ್ಸ್-ರೇ ಹಾಗೂ ಪ್ರಾಣಿಯ ನಡಿಗೆ. ಮೂರನೆಯ ಹಾಳೆ ತುಂಬಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಓಡಾಡುತ್ತಿರುವ ನಾಯಿಯನ್ನು ಮತ್ತೆ ಆಸ್ಪತ್ರೆಗೆ ಏಕೆ ತರಬೇಕು ಎಂದು ಮನೆಯವರು ಕೇಳುವುದು ಸಹಜ. “ಡಾಕ್ಟ್ರೇ, ಚೆನ್ನಾಗೇ ಓಡ್ತಾ ಇದೆಯಲ್ಲ, ಇನ್ನೇನು ನೋಡ್ಬೇಕು?” ಎಂಬ ಮಾತು ನಮ್ಮ ಕೂಟದವರೆಲ್ಲ ಕೇಳಿದ ಮಾತು. ಆ ಎಕ್ಸ್-ರೇಗೆ ಹಣ ತೆಗೆದುಕೊಳ್ಳಬಾರದೆಂದು ನಿರ್ಧರಿಸಿದೆವು. ಶಸ್ತ್ರಕ್ರಿಯೆಗೆ ಒಪ್ಪಿಗೆ ಪಡೆಯುವಾಗಲೇ ವರ್ಷದ ನಂತರ ಬರಬೇಕೆಂದು ಹೇಳಿ, ಫೋನ್ ನಂಬರು ಬರೆದುಕೊಂಡು, ಸಮಯಕ್ಕೆ ಸರಿಯಾಗಿ ನಾವೇ ಕರೆ ಮಾಡುತ್ತೇವೆ. ಬರಲಾಗದವರು ನಾಯಿಯ ನಡಿಗೆಯನ್ನು ಪಕ್ಕದಿಂದಲೂ ಹಿಂದಿನಿಂದಲೂ ವಿಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. ಎಕ್ಸ್-ರೇಗೆ ಅದು ಸಮವಲ್ಲ, ಆದರೆ ಏನೂ ಇಲ್ಲದ್ದಕ್ಕಿಂತ ಬಹಳ ಮೇಲು.

ಕೂಡಿದಾಗಲೆಲ್ಲ ಈ ಹಾಳೆಗಳನ್ನು ಮೇಜಿನ ಮೇಲೆ ಹರಡುತ್ತೇವೆ. ಹಿರಿಯರು ಕಿರಿಯರೆಂಬ ಭೇದವಿಲ್ಲದೆ, ಸೋತ ಪ್ರಕರಣಗಳೇ ಮೊದಲು. ಆರಂಭದಲ್ಲಿ ಸಂಕೋಚವಿತ್ತು, ತಮಗಿಂತ ಹಿರಿಯರ ಪ್ಲೇಟು ಮುರಿದ ಎಕ್ಸ್-ರೇ ನೋಡಿ “ಸರ್, ಇಲ್ಲಿ ಈಚೆಗೆ ಎರಡೇ ಸ್ಕ್ರೂ ಇವೆಯಲ್ಲ” ಎಂದು ಹೇಳಲು ನಮ್ಮ ಕಡೆ ಯಾರಿಗೂ ಸುಲಭವಲ್ಲ. ಮುರಿತದ ಎರಡೂ ಕಡೆ ಕನಿಷ್ಠ ಮೂರು ಸ್ಕ್ರೂ ಇರಬೇಕೆಂಬ ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಮುರಿತವು ಕೀಲಿನ ಹತ್ತಿರವಿದ್ದು ಮೂರಕ್ಕೆ ಜಾಗವೇ ಇಲ್ಲದಾಗ ಏನು ಮಾಡಬೇಕೆಂಬುದು, ಹಾಗೆ ಮೇಜಿನ ಮೇಲೆ ಇಟ್ಟು ಮಾತಾಡಿದ್ದರಿಂದಲೇ ನಮಗೆ ಬಗೆಹರಿಯಿತು.

ಪುಟ್ಟ ತಳಿಯ ನಾಯಿಗಳ ಮುಂಗಾಲಿನ ವಿಷಯವನ್ನು ಉದಾಹರಣೆಯಾಗಿ ಹೇಳುತ್ತೇನೆ. ಪೊಮೆರೇನಿಯನ್‌ಗಳ ಮುಂಗಾಲು ಮಣಿಕಟ್ಟಿನ ಸ್ವಲ್ಪ ಮೇಲೆ ಮುರಿಯುತ್ತದೆ. ಆ ಜಾಗದಲ್ಲಿ ಮೂಳೆಯ ಸುತ್ತ ಮಾಂಸ ಕಡಿಮೆ, ರಕ್ತನಾಳಗಳೂ ವಿರಳ. ಪ್ಲಾಸ್ಟರ್ ಹಾಕಿದರೆ ಮೂಳೆ ಕೂಡದೆ ತುದಿಗಳು ಕರಗಿ ಚೂಪಾಗುವುದು ಹೆಚ್ಚು. ಪ್ಲೇಟೇ ಸರಿಯಾದ ದಾರಿ ಎಂದು ಪುಸ್ತಕಗಳು ಹೇಳುತ್ತವೆ, ಅದು ನಿಜ ಕೂಡ. ಸ್ಕ್ರೂವಿನ ದಪ್ಪ ಮೂಳೆಯ ಅಗಲದ ಶೇಕಡಾ 40ನ್ನು ಮೀರಬಾರದು. 5 ಮಿಲಿಮೀಟರ್ ಅಗಲದ ಮೂಳೆಗೆ 2 ಮಿಲಿಮೀಟರ್ ಸ್ಕ್ರೂ. ನಾಲ್ಕು ತಿಂಗಳ ಎಕ್ಸ್-ರೇಗಳಲ್ಲಿ ಮೂಳೆ ಸೊಗಸಾಗಿ ಕೂಡಿರುವುದನ್ನು ಕಂಡು ಸಂತೋಷಪಟ್ಟೆವು. ಅದೇ ನಾಯಿಗಳಲ್ಲಿ ಕೆಲವು ವರ್ಷದ ಎಕ್ಸ್-ರೇಗೆ ಬಂದಾಗ, ದಪ್ಪ ಪ್ಲೇಟಿನ ಕೆಳಗಿನ ಮೂಳೆ ತೆಳ್ಳಗಾಗಿತ್ತು. ಭಾರವನ್ನೆಲ್ಲ ಉಕ್ಕೇ ಹೊತ್ತರೆ ಮೂಳೆಗೆ ಕೆಲಸವಿಲ್ಲದೆ ಅದು ಸವೆಯುತ್ತದೆ. ಇದು ಹೊಸ ಸಂಗತಿಯಲ್ಲ, ಓದಿ ತಿಳಿದದ್ದೇ. ಆದರೂ ನಮ್ಮ ಊರಿನ, ನಮಗೆ ಪರಿಚಯವಿರುವ ನಾಯಿಗಳ ಮೂಳೆಯಲ್ಲಿ ಅದನ್ನು ಕಂಡ ಮೇಲೆಯೇ ತೆಳುವಾದ ಪ್ಲೇಟುಗಳನ್ನು ಹುಡುಕಿ ತರಿಸುವ ನಿರ್ಧಾರ ಗಟ್ಟಿಯಾಯಿತು. ನಾಲ್ಕು ತಿಂಗಳಿಗೇ ಹಾಳೆ ಮುಚ್ಚಿದ್ದರೆ ಅದು ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ದನಗಳ ವಿಷಯದಲ್ಲಿ ದಾಖಲೆ ಕಲಿಸಿದ್ದು ಬೇರೆಯದೇ ಪಾಠ. ಎಳೆಗರುಗಳ ಹಾಳೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಹುಟ್ಟುವಾಗಲೇ ಮುಂಗಾಲಿನ ಕೆಳಭಾಗ ಮುರಿದುಕೊಂಡವುಗಳದೇ ದೊಡ್ಡ ಗುಂಪು ಎಂದು ಕಂಡಿತು. ಅಡ್ಡವಾಗಿ ಸಿಕ್ಕಿಕೊಂಡ ಕರುವಿನ ಕಾಲಿಗೆ ಒಂದೇ ಸುತ್ತು ಹಗ್ಗ ಕಟ್ಟಿ ನಾಲ್ಕೈದು ಜನ ಎಳೆದರೆ ಆ ಸುತ್ತಿನ ಜಾಗದಲ್ಲಿಯೇ ಮೂಳೆ ಮುರಿಯುತ್ತದೆ. ಗೊರಸಿನ ಮೇಲಿನ ಗೆಣ್ಣಿನ ಮೇಲೆ ಒಂದು ಕುಣಿಕೆ, ಅದರ ಕೆಳಗೆ ಇನ್ನೊಂದು ಸುತ್ತು ಹಾಕಿದರೆ ಎಳೆತ ಹಂಚಿಹೋಗುತ್ತದೆ. ಇಂಥ ಕರುವಿನ ಕಾಲಿಗೆ ಪ್ಲೇಟಿನ ಅಗತ್ಯವಿಲ್ಲ. ಮುಚ್ಚಿದ ಮುರಿತವಾದರೆ ಒಳ್ಳೆಯ ಪ್ಲಾಸ್ಟರ್‌ನಲ್ಲಿ ಸಾಮಾನ್ಯವಾಗಿ ತಿಂಗಳೊಪ್ಪತ್ತಿನಲ್ಲಿ ಕೂಡುತ್ತದೆ, ಬೆಳೆಯುವ ಕಾಲಿಗೆ ಕಟ್ಟು ಬಿಗಿಯಾಗದಂತೆ ಬದಲಿಸುತ್ತಿರಬೇಕಷ್ಟೆ. ಆದ್ದರಿಂದ ಈ ಹಾಳೆಗಳ ಫಲವಾಗಿ ನಾವು ಮಾಡಿದ ಕೆಲಸ ಶಸ್ತ್ರಕ್ರಿಯೆಯ ಕೊಠಡಿಯಲ್ಲಿ ನಡೆಯಲಿಲ್ಲ. ಹಾಲಿನ ಡೇರಿಯ ಮುಂದೆ ರೈತರನ್ನು ಕೂಡಿಸಿ, ಹಗ್ಗ ಕಟ್ಟುವುದು ಹೇಗೆ, ಎಷ್ಟು ಜನ ಎಳೆಯಬೇಕು, ಯಾವಾಗ ಎಳೆಯುವುದನ್ನು ನಿಲ್ಲಿಸಿ ವೈದ್ಯರನ್ನು ಕರೆಯಬೇಕು ಎಂದು ತೋರಿಸಿಕೊಟ್ಟೆವು.

ನಾಟಿ ಮೂಳೆವೈದ್ಯರ ಬಗ್ಗೆಯೂ ಒಂದು ಮಾತು. ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಮುರಿದ ಮೂಳೆಗೆ ಹಾಕುವ ‘ಪುತ್ತೂರು ಕಟ್ಟು’ ನಮ್ಮ ಗಡಿಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತು. ಜನ ಅದನ್ನು ಮೊದಲು ತಮಗೆ, ಆಮೇಲೆ ತಮ್ಮ ದನಗಳಿಗೆ ಕಟ್ಟಿಸಿದ್ದಾರೆ. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದ ದನಗಳ ಹಾಳೆಯಲ್ಲಿ ಅದನ್ನು ತಿರಸ್ಕಾರವಿಲ್ಲದೆ ಹಾಗೆಯೇ ಬರೆಯುತ್ತೇವೆ. ಕಟ್ಟು ಅತಿಬಿಗಿಯಾಗಿ ಕೆಳಗಿನ ಭಾಗ ಕೊಳೆತ ಪ್ರಕರಣಗಳೂ ಇವೆ, ನೇರವಾಗಿ ಕೂಡಿದವೂ ಇವೆ. ಎರಡನ್ನೂ ಬರೆದಿಟ್ಟರೆ ಮಾತ್ರ ಯಾವುದನ್ನು ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.

ದಾಖಲೆಯ ಈ ಬಗೆಯ ಬಲಕ್ಕೆ ಇನ್ನೊಂದು ನಿದರ್ಶನ ಅಮೆರಿಕದಲ್ಲಿದೆ. ನಾಯಿಗಳ ಸೊಂಟದ ಕೀಲಿನ ಆನುವಂಶಿಕ ದೋಷವನ್ನು ತಗ್ಗಿಸಲು ಜಾನ್ ಓಲಿನ್ ಅವರ ಮುಂದಾಳತ್ವದಲ್ಲಿ 1966ರಲ್ಲಿ ‘ಆರ್ಥೋಪೆಡಿಕ್ ಫೌಂಡೇಶನ್ ಫಾರ್ ಅನಿಮಲ್ಸ್’ ಸ್ಥಾಪನೆಯಾಯಿತು. ನಾಯಿಗೆ 24 ತಿಂಗಳು ತುಂಬಿದ ಮೇಲೆ ತೆಗೆದ ಎಕ್ಸ್-ರೇ ನೋಡಿ ಅದು ಪ್ರಮಾಣಪತ್ರ ನೀಡುತ್ತದೆ, ತಳಿಗಾರರು ಅದರ ಆಧಾರದ ಮೇಲೆ ಜೋಡಿ ಆರಿಸುತ್ತಾರೆ. ಬೆಂಗಳೂರಿನಲ್ಲಿ ಲ್ಯಾಬ್ರಡಾರ್ ಮತ್ತು ಜರ್ಮನ್ ಶೆಫರ್ಡ್ ಮರಿ ಮಾರುವವರಲ್ಲಿ ತಾಯಿತಂದೆಯ ಸೊಂಟದ ಎಕ್ಸ್-ರೇ ಕೇಳುವ ಗ್ರಾಹಕರು ಇಂದಿಗೂ ವಿರಳ. ಕೇಳಬೇಕು ಎಂದು ನಾನು ನನ್ನ ಬಳಿ ಬರುವ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಎಒ ವೆಟ್ ಈಗ ಎಒ ಪ್ರತಿಷ್ಠಾನದೊಳಗೆ ಮನುಷ್ಯರ ವಿಭಾಗಗಳ ಸಾಲಿನಲ್ಲಿಯೇ ನಿಂತಿರುವ ಒಂದು ವಿಭಾಗವಾಗಿ ಬೆಳೆದು, ಅನೇಕ ದೇಶಗಳಲ್ಲಿ ಶಿಬಿರ ನಡೆಸುತ್ತಿದೆ. ನಮ್ಮ ದೇಶದಲ್ಲಿ ಪಶು ಶಸ್ತ್ರವೈದ್ಯರ ಭಾರತೀಯ ಸಂಘವಿದ್ದು, 1980ರಿಂದ ತನ್ನ ನಿಯತಕಾಲಿಕವನ್ನು ಪ್ರಕಟಿಸುತ್ತ ಬಂದಿದೆ; ಬರೇಲಿ ಬಳಿಯ ಇಜ್ಜತ್‌ನಗರದ ಸಂಶೋಧನಾ ಸಂಸ್ಥೆಯವರು ದೊಡ್ಡ ಪ್ರಾಣಿಗಳಿಗೆ ಹೊರಗಿನಿಂದ ಬಿಗಿಯುವ ಸಾಧನಗಳ ಮೇಲೆ ಮಾಡಿರುವ ಕೆಲಸ ನಮಗೆ ನೇರವಾಗಿ ಉಪಯೋಗಕ್ಕೆ ಬಂದಿದೆ. ಆದರೆ ಇವೆಲ್ಲ ತಾಲ್ಲೂಕಿನಲ್ಲಿ ಒಬ್ಬಂಟಿಯಾಗಿ ದುಡಿಯುವ ಪಶುವೈದ್ಯರ ಮೇಜಿನವರೆಗೆ ಬರಬೇಕಾದರೆ, ಹತ್ತಿರದ ನಾಲ್ಕಾರು ಜನ ಸೇರಿ ಎಕ್ಸ್-ರೇ ಹಿಡಿದು ಕೂರುವ ಸಣ್ಣ ಕೂಟಗಳು ಬೇಕು. ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಹಾಳೆಯ ನಮೂನೆಯನ್ನು ನಾವು ಕನ್ನಡದಲ್ಲಿಯೇ ಸಿದ್ಧಪಡಿಸಿಕೊಂಡಿದ್ದೇವೆ. ಕೇಳಿದ ಸಹೋದ್ಯೋಗಿಗಳಿಗೆಲ್ಲ ಅದನ್ನು ಕೊಡುತ್ತಿದ್ದೇವೆ, ತುಂಬಿಸಿದ ಹಾಳೆಗಳನ್ನು ನಮಗೂ ತೋರಿಸಿ ಎಂಬ ಒಂದೇ ಷರತ್ತಿನ ಮೇಲೆ. ಸದ್ಯ ನಮ್ಮ ಮುಂದಿರುವುದು ಬೆಳೆದ ಹಸು ಎಮ್ಮೆಗಳ ತೊಡೆಮೂಳೆಯ ಮುರಿತ. ಅದಕ್ಕೆ ನಮ್ಮಲ್ಲಿ ಯಾರಿಗೂ ಇನ್ನೂ ತೃಪ್ತಿಕರವಾದ ಉಪಾಯ ಸಿಕ್ಕಿಲ್ಲ, ಮುಂದಿನ ಸಲ ಕೂಡಿದಾಗ ಎಲ್ಲರೂ ಆ ಹಾಳೆಗಳನ್ನೇ ತರಬೇಕೆಂದು ಮಾತಾಗಿದೆ.